ಏಳು ಗುಂಡಿಗಳ ಅಂಗಿ

ನಾಲ್ಕು ಗಂಟೆಗೆ ಭತ್ಯೆ ಕಚೇರಿಯ ಕೌಂಟರ್ ಮುಚ್ಚುತ್ತದೆ, ಮೇಲ್ಮನವಿಗೆ ಇವತ್ತೇ ಕೊನೆಯ ದಿನ ಎಂಬುದು ಗೊತ್ತಿದ್ದೂ ದರ್ಜಿಯ ಹೆಂಡತಿ ಮಧ್ಯಾಹ್ನ ಎರಡೂವರೆಗೆ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಕಲ್ಲಿನಂತೆ ನಿಂತಿದ್ದಳು. ಕೈಯಲ್ಲಿ ಒಂದೇ ಒಂದು ಹಾಳೆ. ಗಂಡನ ಅಂಗವೈಕಲ್ಯ ಭತ್ಯೆಯ ಅರ್ಜಿಯನ್ನು ತಳ್ಳಿಹಾಕಿದ ಪತ್ರದ ಎರಡನೆಯ ಪುಟ ಅದು. ಮೇಲ್ಮನವಿಗೆ ಬೇಕಾದ ಕಾಗದಗಳನ್ನು ಚೀಲಕ್ಕೆ ತುಂಬುವಾಗ ಅಳತೆ ಪುಸ್ತಕದ ನಡುವಿನಿಂದ ಜಾರಿ ಬಿದ್ದಿತ್ತು. ತಿಂಗಳ ಹಿಂದೆ ಪತ್ರ ಬಂದಾಗ ಗಂಡ ಮೊದಲ ಪುಟವನ್ನಷ್ಟೇ ತೋರಿಸಿ, "ಎರಡನೇದ್ರಲ್ಲಿ ಏನೂ ಇಲ್ಲ, ಬರೀ ಕಾನೂನು" ಎಂದಿದ್ದ.

ಕಾನೂನಲ್ಲ, ಅವಳ ಕೈಕೆಲಸವೇ ಅಲ್ಲಿತ್ತು. "ಪರೀಕ್ಷೆಯ ವೇಳೆ ಅರ್ಜಿದಾರರು ತಮ್ಮ ಅಂಗಿಯ ಏಳೂ ಗುಂಡಿಗಳನ್ನು ಯಾರ ನೆರವೂ ಇಲ್ಲದೆ ಬಿಚ್ಚಿ, ಮತ್ತೆ ಹಾಕಿಕೊಂಡರು. ಹಿಡಿದ ಸಮಯ ಹತ್ತು ಸೆಕೆಂಡು. ಬೆರಳುಗಳಲ್ಲಿ ಸ್ಪರ್ಶವಿಲ್ಲ ಎಂಬ ಹೇಳಿಕೆಗೆ ಇದು ಹೊಂದುವುದಿಲ್ಲ."

ಗಂಡನ ಬೆರಳುಗಳ ನರ ಸತ್ತು ಎರಡು ವರ್ಷವಾಗಿತ್ತು. ಸೂಜಿ ಚುಚ್ಚಿ ರಕ್ತ ಬಂದರೂ ಅವನಿಗೆ ತಿಳಿಯದು. ಮೂವತ್ತು ವರ್ಷ ಊರವರಿಗೆಲ್ಲ ಅಂಗಿ ಹೊಲಿದವನು ತನ್ನ ಅಂಗಿಯ ಗುಂಡಿಯನ್ನು ತಾನು ಹಾಕಿಕೊಳ್ಳಲಾರ. ಇದು ಹೊರಗೆ ಗೊತ್ತಾದರೆ ತಲೆ ಎತ್ತಿ ತಿರುಗುವುದು ಹೇಗೆ ಎಂದು ಅವನು ಅಂಗಲಾಚಿದ್ದಕ್ಕೆ ಇವಳೇ ಉಪಾಯ ಹುಡುಕಿದ್ದಳು. ಗಿರಾಕಿಯೊಬ್ಬಳ ಕೈಚೀಲ ಟಪ್ಪೆಂದು ತಾನಾಗಿ ಮುಚ್ಚಿಕೊಂಡದ್ದನ್ನು ನೋಡಿ ಹೊಳೆದ ಉಪಾಯ. ಕಾಜಾಗಳನ್ನು ಹೊಲಿದು ಮುಚ್ಚಿ, ಅವುಗಳ ಮೇಲೆ ಗುಂಡಿಗಳನ್ನು ಬರೀ ನೋಟಕ್ಕೆ ಹಚ್ಚಿ, ಪಟ್ಟಿಯ ಒಳಗೆ ಪುಟ್ಟ ಅಯಸ್ಕಾಂತಗಳನ್ನು ಕೂರಿಸಿದಳು. ಎಳೆದರೆ ಬಿಚ್ಚಿಕೊಳ್ಳುತ್ತದೆ, ಹತ್ತಿರ ತಂದರೆ ಕಚ್ಚಿಕೊಳ್ಳುತ್ತದೆ. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಪಕ್ಕದ ಅಂಗಡಿಯ ದರ್ಜಿಗೂ ಗುಟ್ಟು ಸಿಕ್ಕಿರಲಿಲ್ಲ. ತೊಂದರೆ ಒಂದೇ, ಅವನು ಮೇಜಿನ ಮೇಲೆ ಬಗ್ಗಿದಾಗಲೆಲ್ಲ ಗುಂಡುಸೂಜಿಗಳು ಹಾರಿ ಬಂದು ಎದೆಗೆ ಅಂಟುತ್ತಿದ್ದವು. ಆಗ ಗಂಡ ಹೆಂಡತಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಈಗ ನಗು ಬರಲಿಲ್ಲ. "ಆ ಡಾಕ್ಟರ ಮುಂದೆ ಇದು ಇಂಥ ಅಂಗಿ ಅಂತ ಹೇಳೋಕೆ ಏನಾಗಿತ್ತು ನಿಮಗೆ?" ಎಂದು ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಗಂಡನನ್ನು ಕೇಳಿದಳು.

ದರ್ಜಿ ಗೋಡೆಯ ಕಡೆ ನೋಡಿದ. "ಬಿಚ್ಚಿ ಅಂದ್ರು, ಬಿಚ್ಚಿದೆ. ಹಾಕ್ಕೊಳ್ಳಿ ಅಂದ್ರು, ಹಾಕ್ಕೊಂಡೆ. 'ಭೇಷ್' ಅಂದ್ರು ಕಣೇ. ಎರಡು ವರ್ಷದ ಮೇಲೆ ಒಬ್ರು ನನ್ನ ಕೈ ನೋಡಿ ಭೇಷ್ ಅಂದ್ರು."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು ಎನ್ನುತ್ತಾರೆ. ಈ ಮನುಷ್ಯನಿಗೆ ದೇವರು ಬಾಯಿ ಕೊಟ್ಟದ್ದು ಸೂಜಿ ಕಚ್ಚಿಕೊಳ್ಳುವುದಕ್ಕೇ ಇರಬೇಕು. ಭತ್ಯೆ ಸಿಕ್ಕರೆ ಅವಳು ಮನೆಯಲ್ಲೇ ಇದ್ದು ಅವನನ್ನು ನೋಡಿಕೊಳ್ಳಬಹುದು. ಸಿಗದಿದ್ದರೆ ಸೋಮವಾರದಿಂದ ಸಮವಸ್ತ್ರದ ಕಾರ್ಖಾನೆಗೆ ಹೋಗಬೇಕು, ಬೆಳಗ್ಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಅಲ್ಲಿಯವರೆಗೆ ಮನೆಯಲ್ಲಿ ಅವನೊಬ್ಬನೇ, ಒಲೆ ಮತ್ತು ಇಸ್ತ್ರಿಪೆಟ್ಟಿಗೆಯ ಜೊತೆ. ಕಳೆದ ತಿಂಗಳು ಕಾದ ಇಸ್ತ್ರಿಪೆಟ್ಟಿಗೆಗೆ ಬೆರಳು ಊರಿ ನಿಂತಿದ್ದವನು, "ಏನೋ ಸುಡ್ತಿರೋ ವಾಸನೆ, ನೋಡೇ" ಎಂದು ಅವಳನ್ನೇ ಕೂಗಿದ್ದ.

"ನೀವು ಹಾಕ್ಕೊಂಡಿರೋ ಈ ಅಂಗೀನೇ ತೋರಿಸೋಣ ರೀ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?"

"ತೋರಿಸಿದ್ರೆ ಮೋಸ ಮಾಡಿದ್ರು ಅಂತ ಬರ್ಕೋತಾರೆ. ಆಮೇಲೆ ಯಾವ ಕಾಗದ ಕೊಟ್ರೂ ನಂಬಲ್ಲ. ನೀನು ಬಾಯಿ ಬಿಡಬೇಡ."

ಆ ಭಯ ಅವಳಿಗೂ ಇತ್ತು. ಆದರೂ ಹೊರಡುವಾಗ ನಿಜವಾದ ಗುಂಡಿಗಳಿದ್ದ ಅವನ ಹಳೆಯ ನೀಲಿ ಅಂಗಿಯೊಂದನ್ನು ಚೀಲದ ತಳಕ್ಕೆ ತುರುಕಿದಳು.

ಕಚೇರಿಯಲ್ಲಿ ಸಾಲು ಬಾಗಿಲವರೆಗೂ ಇತ್ತು. ಅವಳು ಗೋಡೆ ಗಡಿಯಾರವನ್ನು ನೋಡುವುದು, ಚೀಲ ಮುಟ್ಟಿಕೊಳ್ಳುವುದು, ಮತ್ತೆ ಗಡಿಯಾರ ನೋಡುವುದು. ಮುಂದಿದ್ದ ಮುದುಕನ ಕಾಗದಗಳು ನೆಲಕ್ಕೆ ಚೆಲ್ಲಿದಾಗ ಅಯ್ಯೋ ಪಾಪ ಎನ್ನುವ ಮೊದಲು, ಎರಡು ನಿಮಿಷ ಹೋಯಿತಲ್ಲ ಎಂದು ಮನಸ್ಸು ಹೇಳಿತು. ಇಷ್ಟು ಕೆಟ್ಟವಳಾದೆನೇ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

ಅವರ ಸರದಿ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕೌಂಟರಿನ ಗುಮಾಸ್ತೆ ಕನ್ನಡಕ ಏರಿಸಿಕೊಂಡು ಒಂದೊಂದೇ ಹಾಳೆ ತಿರುವಿದಳು. "ನರದ ಡಾಕ್ಟರ ಪತ್ರ ಇದೆ. ಸುಟ್ಟ ಗಾಯದ ಚೀಟಿ ಇದೆ. ಸರಿ. ಆದ್ರೆ ಅರ್ಜಿ ಬಿದ್ದುಹೋಗಿರೋದು ಗುಂಡಿ ವಿಷಯಕ್ಕೆ. ಅದಕ್ಕೆ ಉತ್ತರ ಎಲ್ಲಮ್ಮ?"

ಹೆಂಡತಿ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಏನೂ ಇಲ್ವಾ? ಹಾಗಾದ್ರೆ ಇಷ್ಟಕ್ಕೇ ರಸೀದಿ ಕೊಡ್ತೀನಿ. ಇಲ್ಲಿ ಹೆಬ್ಬೆಟ್ಟು ಒತ್ತಿ."

ದರ್ಜಿ ಹೆಬ್ಬೆಟ್ಟು ಒತ್ತಲು ಕೌಂಟರಿನ ಮೇಲೆ ಬಗ್ಗಿದ. ಅಲ್ಲೇ ಒಂದು ಪುಟ್ಟ ಡಬ್ಬಿಯಲ್ಲಿದ್ದ ಗುಂಡುಸೂಜಿಗಳು ಚಿಟಪಟ ಎದ್ದು ಅವನ ಎದೆಯ ಸಾಲಿಗೆ ಅಂಟಿಕೊಂಡವು.

ಗುಮಾಸ್ತೆ ಕನ್ನಡಕ ತೆಗೆದಳು. ಮುಗಿಯಿತು, ಇನ್ನು ಮೋಸವೆಂದು ಬರೆಯುತ್ತಾರೆ, ಸೋಮವಾರ ಕಾರ್ಖಾನೆಗೆ ಹೋಗುವುದೇ ಗತಿ ಎಂದು ಹೆಂಡತಿ ಅಂದುಕೊಂಡಳು.

"ಏನಿದು ಯಜಮಾನ್ರೇ?"

ದರ್ಜಿ ನಕ್ಕು ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅವನು ಹೆಂಡತಿಯ ಕಡೆ ತಿರುಗಿದ. ಅವಳು ಎರಡು ಕೈಯಲ್ಲೂ ಚೀಲವನ್ನು ಹಿಂಡುತ್ತಿದ್ದಳು. ಅವನು ಅಂಗಿಯ ಪಟ್ಟಿ ಹಿಡಿದು ಎಳೆದ. ಗುಂಡಿಗಳು ಇದ್ದಲ್ಲೇ ಉಳಿದು ಅಂಗಿ ಮಾತ್ರ ತೆರೆದುಕೊಂಡಿತು.

"ಅಯಸ್ಕಾಂತ, ತಾಯಿ. ನನ್ನ ಹೆಂಡ್ತಿ ಹೊಲಿದದ್ದು. ಆದ್ರೆ ಹೇಳದೆ ಮುಚ್ಚಿಟ್ಟೋನು ನಾನು. ಅವಳದ್ದೇನೂ ತಪ್ಪಿಲ್ಲ. ನಾಚಿಕೆ ಆಯ್ತು."

ಗುಮಾಸ್ತೆ ಪಟ್ಟಿಯನ್ನು ಮುಟ್ಟಿ, ಹೊಲಿದ ಕಾಜಾಗಳನ್ನು ತಿರುಗಿಸಿ ನೋಡಿದಳು. "ಇಪ್ಪತ್ತು ವರ್ಷದಿಂದ ಇಲ್ಲಿದ್ದೀನಿ. ಆಗಲ್ಲ ಅಂತ ನಾಟಕ ಆಡೋರನ್ನ ಬೇಕಾದಷ್ಟು ನೋಡಿದ್ದೀನಿ. ಆಗುತ್ತೆ ಅಂತ ನಾಟಕ ಆಡಿ ಅರ್ಜಿ ಕಳ್ಕೊಂಡೋರನ್ನ ಈಗಲೇ ನೋಡ್ತಿರೋದು." ಆಮೇಲೆ ದನಿ ಇಳಿಸಿದಳು. "ತೀರ್ಮಾನ ನನ್ನ ಕೈಲಿಲ್ಲ. ಮೇಲಿನವರು ಇದನ್ನ ಹೇಗೆ ತಗೋತಾರೋ ಹೇಳೋಕಾಗಲ್ಲ. ಆದ್ರೆ ಅಂಗೀನ ಸಾಕ್ಷ್ಯ ಅಂತ ತಗೋಬಹುದು, ನಾನು ಕಣ್ಣಾರೆ ಕಂಡದ್ದನ್ನ ಬರೆದು ಸಹಿ ಹಾಕಬಹುದು. ಅಂಗಿ ಇಲ್ಲೇ ಬಿಟ್ಟುಹೋಗಬೇಕು."

ಹೆಂಡತಿ ಚೀಲದ ತಳದಿಂದ ನೀಲಿ ಅಂಗಿಯನ್ನು ತೆಗೆದಳು. ದರ್ಜಿ ಅದನ್ನು ನೋಡಿದ, ಅವಳನ್ನೂ ನೋಡಿದ. ಬನಿಯನ್ನಿನಲ್ಲಿ ನಿಂತು ತೋಳುಗಳನ್ನು ತೂರಿಸಿಕೊಂಡ. ಹಿಂದಿನ ಸಾಲಿನವರು ಕತ್ತು ಚಾಚಿ ನೋಡಿದರು.

"ನೀವೇ ಹಾಕ್ಕೊಳ್ಳಿ, ನೋಡ್ತೀನಿ," ಎಂದು ಗುಮಾಸ್ತೆ ಪೆನ್ನು ಹಿಡಿದಳು.

ಮೊದಲನೆಯ ಗುಂಡಿ ಬೆರಳುಗಳ ನಡುವಿನಿಂದ ಜಾರಿತು. ಹಿಡಿದ, ಜಾರಿತು. ಹಿಡಿದಿದ್ದೇನೆ ಎಂದುಕೊಂಡು ಬರೀ ಬಟ್ಟೆಯನ್ನು ಕಾಜಾದತ್ತ ತಳ್ಳುತ್ತಿದ್ದ. ಹಣೆಯಲ್ಲಿ ಬೆವರು ಒಡೆಯಿತು. ಮೂವತ್ತು ವರ್ಷ ಗುಂಡಿ ಹಚ್ಚಿದ ಆ ಕೈಗಳು ಹಾಗೆ ತಡಕಾಡುವುದನ್ನು ಅವಳಿಂದ ನೋಡಲಾಗಲಿಲ್ಲ. ಮುಂದೆ ಬರಲು ಹೆಜ್ಜೆ ಎತ್ತಿದವಳು ತಡೆದು ನಿಂತಳು. ಕದ ಮುಚ್ಚಿದ ಕೋಣೆಯಲ್ಲಲ್ಲದೆ ಅವಳು ಅವನ ಗುಂಡಿ ಮುಟ್ಟಿದವಳಲ್ಲ, ಮುಟ್ಟಲು ಅವನು ಬಿಟ್ಟವನೂ ಅಲ್ಲ.

ಗಡಿಯಾರ ನಾಲ್ಕು ಹೊಡೆಯಿತು. ಗುಮಾಸ್ತೆ ಕೌಂಟರ್ ಮುಚ್ಚಲಿಲ್ಲ, ಬರೆಯುತ್ತಲೇ ಇದ್ದಳು.

ದರ್ಜಿ ಎರಡೂ ಕೈಗಳನ್ನು ಇಳಿಬಿಟ್ಟ. ಅಷ್ಟು ಜನರ ಎದುರಿಗೆ, ಎಲ್ಲರಿಗೂ ಕೇಳುವಂತೆ, "ನನ್ನ ಕೈಲಾಗಲ್ಲ. ನೀನೇ ಹಾಕೇ," ಎಂದ.

ಅವಳು ಹತ್ತಿರ ಬಂದು ಕೆಳಗಿನ ಗುಂಡಿಯಿಂದ ಶುರುಮಾಡಿದಳು. ಕಣ್ಣು ತುಂಬಿ ಕಾಜಾ ಮಸುಕಾಯಿತು. ಸಾಲಿನವರ ಕಣ್ಣಿನಿಂದ ಅವನನ್ನು ಬೇಗ ಪಾರುಮಾಡಬೇಕೆಂದು ಅವಸರಪಟ್ಟಳು.

"ನಿಧಾನ," ಎಂದ ಅವನು ಮೆಲ್ಲಗೆ. "ಈ ಸಲ ಸರಿಯಾಗಿ ಬರ್ಕೊಳ್ಳಲಿ."