ಏಳು ಗೇಣಿನ ಮೇಜು

ಅಂಟಿನ ವಾಸನೆ, ಅದೇ ಬಿಳಿ ಅಂಟು, ಬೆರಳ ಮೇಲೆ ಒಣಗಿದರೆ ತೆಳ್ಳನೆಯ ಚರ್ಮದ ಹಾಗೆ ಸುಲಿದು ಬರುವಂಥದು, ಶಾಲೆಯ ಈ ಉದ್ದನೆಯ ಪಡಸಾಲೆಯ ತುಂಬ ಅದೇ — ಇಷ್ಟು ಅಂಟು ಮಕ್ಕಳ ಕೈಯಿಂದ ಬಂದದ್ದಲ್ಲ ಬಿಡು, ಎಂಟು ವರ್ಷದ ಮಗು ಅಂಟು ಹಚ್ಚಿದರೆ ಕಾಗದ ಮುದ್ದೆಯಾಗುತ್ತದೆ, ಇಲ್ಲಿ ನೋಡಿದರೆ ಒಂದೊಂದು ಅಂಚೂ ಗೆರೆ ಹೊಡೆದ ಹಾಗೆ, ಥರ್ಮಾಕೋಲಿನ ಸೇತುವೆ, ಥರ್ಮಾಕೋಲಿನ ರೈಲು ನಿಲ್ದಾಣ, ಬಾಯಿಂದ ಕೆಂಪು ಹತ್ತಿ ಕಾರುವ ಜ್ವಾಲಾಮುಖಿ, ಎಲ್ಲದರ ಕೆಳಗೂ ಒಂದೊಂದು ಚೀಟಿ, ‘ನಾನೇ ಮಾಡಿದ್ದು’, ಆ ಚೀಟಿಯ ಅಕ್ಷರವೂ ಅಪ್ಪಂದಿರದೇ, ನಾಚಿಕೆ ಅನ್ನುವುದು ಅಂಗಡಿಯಲ್ಲಿ ಸಿಗುವುದಿಲ್ಲ ನೋಡು, ಸಿಕ್ಕಿದ್ದರೆ ಅದನ್ನೂ ತಂದು ಅಂಟಿಸುತ್ತಿದ್ದರು. ಅವಳು ಕೂತಿರುವುದು ಮಕ್ಕಳ ಕುರ್ಚಿ, ಮೊಣಕಾಲು ಎದೆಗೆ ಬಂದಿದೆ, ಪೋಷಕರ ಸಭೆಯ ಸರದಿ ಕಾಯುತ್ತ ಸಾಲಾಗಿ ಹೀಗೆಯೇ ಮುದುಡಿ ಕೂತ ಅಪ್ಪ ಅಮ್ಮಂದಿರು, ಕಾವು ಕೂತ ಕೋಳಿಗಳ ಹಾಗೆ, ಒಬ್ಬೊಬ್ಬರ ತೊಡೆಯ ಮೇಲೂ ಈ ವಾರದ ಹಳದಿ ಹಾಳೆ. ಮುಂದಿನ ಕುರ್ಚಿಯಲ್ಲಿ ಜ್ವಾಲಾಮುಖಿಯ ಅಪ್ಪ, ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಬಣ್ಣ, ಆದರೂ ಎಂಥಾ ಗಾಂಭೀರ್ಯ, ಪಕ್ಕದವರಿಗೆ ಹೇಳುತ್ತಿದ್ದಾನೆ, ನಾನು ಕೈ ಹಾಕೋದೇ ಇಲ್ಲ ಸರ್, ಎಲ್ಲಾ ಮಗಳೇ. ಹೌದಪ್ಪಾ ಹೌದು, ಹಾಲು ಕುಡಿದ ಬೆಕ್ಕಿನ ಮೀಸೆ ನೋಡಿದರೆ ಗೊತ್ತಾಗುವುದಿಲ್ಲವೇ. ಇವನಿಗಿಂತ ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯವನು ವಾಸಿ, ಸುಳ್ಳನ್ನಾದರೂ ಮುಖಕ್ಕೆ ಹೇಳಿ ಮಾರುತ್ತಾನೆ, ಯಾವ ಕ್ಲಾಸು ಅಕ್ಕಾ, ಮೂರನೇದಾ, ಗಾಳಿಯಂತ್ರ ಇದೆ, ಸೌರಮಂಡಲ ನಿನ್ನೆಯೇ ಖಾಲಿ, ಬೇಕಾದ್ರೆ ಒಂದು ಗ್ರಹ ಸೊಟ್ಟಗೆ ಅಂಟಿಸಿ ಕೊಡ್ತೀನಿ, ಮಗು ಮಾಡಿದ ಹಾಗೇ ಕಾಣುತ್ತೆ. ಅವಳು ಕೊಳ್ಳಲಿಲ್ಲ. ಯಾವತ್ತೂ ಕೊಂಡಿಲ್ಲ, ಅವಳ ಮನೆಯಲ್ಲಿ ಆ ಕಳ್ಳಾಟ ಇಲ್ಲ — ಇಲ್ಲವೇ, ಬೀನ್ಸ್ ಬೀಜದ ವಾರ — ಇರಲಿ, ಅದು ಬೇರೆ.

ಬೀಜದ ವಾರ ಒದ್ದೆ ಹತ್ತಿಯಲ್ಲಿ ಬೀಜ ಇಟ್ಟು ಮೊಳಕೆ ನೋಡಿ ಅಂದಿದ್ದರು, ಪುಟ್ಟಿಯ ಬೀಜ ಕೊಳೆತು ನಾರಿತು, ಸೋಮವಾರ ಎಲ್ಲರ ಲೋಟದಲ್ಲೂ ಹಸಿರು ಬಾಲ, ತನ್ನ ಮಗಳ ಲೋಟದಲ್ಲಿ ಮಾತ್ರ ಹೆಣ, ನೋಡಲಾದೀತೇ, ಅಡುಗೆಮನೆಯಲ್ಲಿ ತಾನೇ ಗುಟ್ಟಾಗಿ ನೆನೆಸಿಟ್ಟದ್ದರಲ್ಲಿ ಒಂದು ತೆಗೆದು ಇಟ್ಟಳು, ಅಷ್ಟೇ, ಬೀಜಕ್ಕೆ ಬೀಜ, ಅದು ಥರ್ಮಾಕೋಲಲ್ಲವಲ್ಲ. ಶಬ್ದದ ವಾರ, ಮನೆಯಲ್ಲಿ ಕೇಳುವ ಐದು ಶಬ್ದ ಬರೆಯಿರಿ, ಪುಟ್ಟಿ ಬರೆದಿದ್ದಳು ಕುಕ್ಕರ್, ನಲ್ಲಿ, ಬಾಗಿಲು, ಅಪ್ಪನ ಗೊರಕೆ, ಅಮ್ಮನ ನಿಟ್ಟುಸಿರು — ನಿಟ್ಟುಸಿರಂತೆ, ಟೀಚರಮ್ಮ ಓದಿ ಏನಂದುಕೊಂಡಾಳು, ಅಳಿಸಿ ಗಡಿಯಾರ ಅಂತ ಬರೆಸಿದಳು, ಅಮ್ಮಾ ನಮ್ಮ ಗಡಿಯಾರ ನಿಂತುಹೋಗಿದೆಯಲ್ಲ ಅಂದಿತು ಮಗು, ಬರಿ ಸುಮ್ನೆ. ಎಲ್ಲಾ ಈ ಟೀಚರಮ್ಮನಿಂದ, ಇಪ್ಪತ್ತನಾಲ್ಕೋ ಇಪ್ಪತ್ತೈದೋ, ಎರಡು ಪಿನ್ನು ಹಾಕಿ ಸೀರೆ ನಿಲ್ಲಿಸಿಕೊಳ್ಳಲು ಬರುವುದಿಲ್ಲ, ಶುಕ್ರವಾರ ಬಂತೆಂದರೆ ಹಳದಿ ಹಾಳೆ ಹಂಚುತ್ತಾಳೆ, ವಾರದ ಚಟುವಟಿಕೆ, ಎಲೆ ಹೆಕ್ಕಿ, ನೆರಳು ಅಳೆಯಿರಿ, ಮೋಡ ಬಿಡಿಸಿ, ಮೊದಲ ಸಭೆಯಲ್ಲೇ ಹೇಳಿದ್ದಳು, ಉತ್ತರ ಮುಖ್ಯ ಅಲ್ಲ, ಮಗು ಜೊತೆ ಮಾತಾಡೋದು ಮುಖ್ಯ ಅಂತ. ಉತ್ತರ ಮುಖ್ಯವಲ್ಲದಿದ್ದರೆ ಕೈಯಲ್ಲಿ ಕೆಂಪು ಪೆನ್ನು ಯಾಕೆ ತಾಯೀ. ಮಾತಾಡಬೇಕಂತೆ, ದಿನಕ್ಕೆ ಒಂಬತ್ತು ಗಂಟೆ ಕಟಿಂಗ್ ಮೇಜಿನ ಮುಂದೆ ನಿಂತು ಬಂದವಳು, ಸಮವಸ್ತ್ರ ಹೊಲಿಯುವ ಕಾರ್ಖಾನೆ, ಒಂದರ ಮೇಲೊಂದು ನಲವತ್ತು ಪದರ ಬಟ್ಟೆ, ಬ್ಲೇಡು ಒಮ್ಮೆ ಹೋದರೆ ಹೋಯಿತು, ಅಲ್ಲಿ ಉತ್ತರವೇ ಮುಖ್ಯ. ಒಮ್ಮೆ, ಸೇರಿದ ಮೊದಲ ವರ್ಷ, ನಲವತ್ತು ಅಂಗಿಯ ತೋಳು ಅರ್ಧ ಇಂಚು ಗಿಡ್ಡ ಕತ್ತರಿಸಿದಳು, ಕಟಿಂಗ್ ಮಾಸ್ಟರ್ ಬೈಯಲಿಲ್ಲ, ಒಂದು ತೋಳನ್ನು ಅವಳ ಮೇಜಿನೆದುರಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು, ವಾರವಿಡೀ, ಕೈಯಿಲ್ಲದ ತೋಳು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು. ಆಮೇಲೆ ಹೇಳಿದರು, ನೋಡಮ್ಮಾ, ಒಂದೇ ಬಟ್ಟೆನ ಎರಡು ಸಲ ಅಳೆದಾಗ ಎರಡು ಲೆಕ್ಕ ಬಂದ್ರೆ ಒಂದು ಸುಳ್ಳು. ಅದು ಅವಳ ತಲೆಯಲ್ಲಿ ಕೂತುಬಿಟ್ಟಿತು, ಸಂಜೆ ಶಾಲೆಯಲ್ಲಿ ಹತ್ತನೆಯ ತರಗತಿಗೆ ಕೂತಾಗ ಲೆಕ್ಕದ ಪರೀಕ್ಷೆಯಲ್ಲಿ ಪ್ರತಿ ಲೆಕ್ಕವನ್ನೂ ಎರಡೆರಡು ಸಲ ಮಾಡಿ ಹೊತ್ತು ಸಾಲದೆ ಮೂರು ಪ್ರಶ್ನೆ ಬಿಟ್ಟು ಬಂದವಳು ಅವಳು, ಆದರೆ ಮಾಡಿದ್ದು ಒಂದೂ ತಪ್ಪಿರಲಿಲ್ಲ.

ಈ ವಾರ ಗೇಣು. ಊಟದ ಮೇಜನ್ನು ಗೇಣಿನಲ್ಲಿ ಅಳೆಯಿರಿ. ಅದನ್ನು ಓದಿಯೇ ಅವಳಿಗೆ ನಗು ಬಂದಿತ್ತು, ಅಳತೆಯ ವಿಚಾರ, ಅದನ್ನು ತನಗೆ ಹೇಳಿಕೊಡಲು ಹೊರಟಿದ್ದಾಳೆ ಈ ಸೀರೆ ನಿಲ್ಲದವಳು. ಹಾಳೆಯಲ್ಲಿ ಎರಡು ಚೌಕ, ಒಂದರ ಮೇಲೆ ‘ನನ್ನ ಗೇಣು’, ಇನ್ನೊಂದರ ಮೇಲೆ ‘ದೊಡ್ಡವರ ಗೇಣು’, ಕೆಳಗೆ ಒಂದು ಗೆರೆ, ‘ಏನು ಗಮನಿಸಿದಿರಿ?’ ಗುರುವಾರ ಸಂಜೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ಪುಟ್ಟಿ ಒಬ್ಬಳೇ ಅಳೆದಳು, ನಲ್ಲಿಯ ಸದ್ದಿನ ನಡುವೆ ಬೆನ್ನ ಹಿಂದೆ ಕೇಳುತ್ತಿತ್ತು, ಒಂದು, ಎರಡು, ಮೂರು, ತಿರುಗಿ ನೋಡಿದರೆ ಆ ಪುಟ್ಟ ಕೈ ಮೇಜಿನ ಅಂಚಿನಲ್ಲಿ ಕಂಬಳಿಹುಳದ ಹಾಗೆ, ಹೆಬ್ಬೆರಳು ಊರಿ ಕಿರುಬೆರಳು ಚಾಚಿ, ಕಿರುಬೆರಳ ಪಕ್ಕಕ್ಕೆ ಹೆಬ್ಬೆರಳು ತಂದು ಮತ್ತೆ ಚಾಚಿ, ನಾಲಿಗೆ ತುಟಿಯಾಚೆ ಬಂದಿದೆ, ಹನ್ನೊಂದು. ಹನ್ನೊಂದು ಅಂತ ಚೌಕದಲ್ಲಿ ಬರೆದಳು, ಎರಡು ಕೋಲು ನಿಲ್ಲಿಸಿದ ಹಾಗೆ. ಅವಳು ಕೈ ಒರೆಸಿಕೊಂಡು ಬಂದು ಅಳೆದಳು, ಏಳು. ಸಂಶಯವೇ ಬೇಡ ಅಂತ ಟೇಪು ತಂದಳು, ಐವತ್ತಾರು ಇಂಚು, ತನ್ನ ಗೇಣು ಎಂಟು ಇಂಚು, ಕಾರ್ಖಾನೆಯಲ್ಲಿ ಟೇಪು ಸಿಗದಾಗ ಅವಳ ಕೈಯೇ ಟೇಪು, ಏಳೆಂಟ್ಲ ಐವತ್ತಾರು, ಮುಗಿಯಿತಲ್ಲ. ಸರಿಯಾಗಿ ಎಣಿಸಿಲ್ಲ ನೀನು. ಇಲ್ಲಮ್ಮಾ, ನಂಗೆ ಹನ್ನೊಂದೇ ಬರ್ತಾ ಇದೆ. ಮೇಜೇನು ನಿಂಗೊಂದು ಉದ್ದ ನಂಗೊಂದು ಉದ್ದ ಆಗುತ್ತಾ, ಇನ್ನೊಂದ್ಸಲ ಅಳಿ. ಹನ್ನೊಂದು. ಇನ್ನೊಂದ್ಸಲ. ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅಂದ, ಮೂರನೇ ಕ್ಲಾಸಿನ ಹೋಮ್‌ವರ್ಕಿಗೆ ನೀನ್ಯಾಕೆ ಪರೀಕ್ಷೆಗೆ ಕೂತವಳ ಥರ ಆಡ್ತೀಯ. ನಿಮಗೇನು, ಸಹಿ ಹಾಕೋಳು ನಾನು. ಮೂರನೆಯ ಸಲ ಪುಟ್ಟಿ ನಿಧಾನ ಮಾಡಿದಳು, ಅಮ್ಮನ ಮುಖ ನೋಡುತ್ತ, ಕೈ ನೋಡದೆ, ಕಿರುಬೆರಳು ಮುಟ್ಟಿದ ಕಡೆಗೆ ಹೆಬ್ಬೆರಳು ಬರಲಿಲ್ಲ, ಒಂದಿಷ್ಟು ಜಾಗ ಬಿಟ್ಟು ಮುಂದೆ ಹಾರಿ ಕೂತಿತು, ಮತ್ತೆ ಹಾರಿತು, ಕಪ್ಪೆಯ ಹಾಗೆ, ಏಳನೆಯ ನೆಗೆತಕ್ಕೆ ಮೇಜಿನ ತುದಿ ಸಿಕ್ಕಿತು, ಏಳು ಅಮ್ಮಾ. ಹೂಂ, ನೋಡಿದೆಯಾ. ರಬ್ಬರು ತೆಗೆದುಕೊಂಡು ತಾನೇ ಉಜ್ಜಿದಳು, ಪುಟ್ಟಿ ಪೆನ್ಸಿಲು ಅದುಮಿ ಬರೆಯುವವಳು, ಕೋಲೆರಡೂ ಪೂರ್ತಿ ಹೋಗಲಿಲ್ಲ, ಅದರ ಮೇಲೇ ಏಳು, ಪಕ್ಕದ ಚೌಕದಲ್ಲೂ ಏಳು, ಕೆಳಗಿನ ಗೆರೆಯಲ್ಲಿ ತಾನೇ ಹೇಳಿ ಬರೆಸಿದಳು, ‘ಎರಡೂ ಒಂದೇ ಬಂದಿವೆ.’ ಆ ನೆಗೆತ ಕಂಡಿತ್ತೇ ಅವಳಿಗೆ? ಕಂಡಿತ್ತು. ಸುಸ್ತಾಗಿತ್ತು.

ಜ್ವಾಲಾಮುಖಿಯ ಅಪ್ಪನ ಸರದಿ ಬಂತು, ಎದ್ದಾಗ ಕುರ್ಚಿ ಅವನ ಸೊಂಟಕ್ಕೆ ಸಿಕ್ಕಿಕೊಂಡು ಎರಡು ಹೆಜ್ಜೆ ಜೊತೆಗೇ ಬಂತು, ಚೆನ್ನಾಗಾಯಿತು. ಅವನ ಮಗಳು, ಎರಡು ಜಡೆ, ಟೀಚರಮ್ಮನ ಮೇಜಿನ ಮುಂದೆ ನಿಂತು ಗಿಣಿಯ ಹಾಗೆ ಒಪ್ಪಿಸುತ್ತಾಳೆ ನೋಡು ಈಗ — ನಂದು ಹತ್ತು ಬಂತು ಮಿಸ್, ಅಪ್ಪಂದು ಆರು. ಓಹೋ, ಹಾಗಾದ್ರೆ ಯಾರದ್ದು ತಪ್ಪು? ಯಾರದ್ದೂ ತಪ್ಪಲ್ಲ ಮಿಸ್, ನನ್ನ ಕೈ ಚಿಕ್ಕದು, ಅಪ್ಪನ ಕೈ ದೊಡ್ಡದು, ಅದಕ್ಕೇ ಅಂಗಡೀಲಿ ಎಲ್ಲಾರೂ ಒಂದೇ ಟೇಪು ಇಟ್ಕೊಳ್ಳೋದು. ಟೀಚರಮ್ಮ ನಕ್ಕಳು, ಅಪ್ಪನೂ ನಕ್ಕ, ಕೆಂಪು ಉಗುರಿನ ಕೈಯನ್ನು ಮಗಳ ಕೈ ಪಕ್ಕ ಇಟ್ಟು ತೋರಿಸಿದ. ಅವಳು ತೊಡೆಯ ಮೇಲಿದ್ದ ತನ್ನ ಹಾಳೆಯ ಏಳನ್ನು ನೋಡಿದಳು. ಕೈ ಚಿಕ್ಕದು. ಇಷ್ಟೇ. ಇಪ್ಪತ್ತೆರಡರ ಸೈಜಿನಿಂದ ಮೂವತ್ತನಾಲ್ಕರ ಸೈಜಿನ ತನಕ ದಿನಾ ತೋಳು ಕತ್ತರಿಸುವವಳು, ಮೂರನೆಯ ತರಗತಿಯ ಮಗುವಿನ ಮಣಿಕಟ್ಟು ಎಷ್ಟು, ನಾಲ್ಕನೆಯದರದ್ದು ಎಷ್ಟು, ಕಣ್ಣು ಮುಚ್ಚಿ ಹೇಳುವವಳು, ತನ್ನ ಮನೆಯ ಮೇಜಿನ ಮೇಲಿದ್ದ ಕೈ ಕಾಣಲಿಲ್ಲ, ಜ್ವಾಲಾಮುಖಿ ಮಾಡುವ ಈ ಪೆದ್ದನಿಗೆ ಕಂಡಿದೆ. ಇಲ್ಲ, ಹಾಳೆಯದೇ ತಪ್ಪು, ಸರಿಯಾಗಿ ಬಿಡಿಸಿ ಹೇಳಬೇಕಿತ್ತು, ಏನು ಗಮನಿಸಿದಿರಿ ಅಂತೆ, ಏನನ್ನು ಅಂತ ಗಮನಿಸುವುದು, ಕುಣಿಯಲಾರದವಳಿಗೆ ನೆಲ ಡೊಂಕು, ಥೂ, ಯಾರಿಗೆ ಹೇಳುತ್ತಿದ್ದೀ ನೀನು. ಈಗಲೂ ಹೊತ್ತಿದೆ, ಬ್ಯಾಗಿನಲ್ಲಿ ರಬ್ಬರಿದೆ, ಪಟಕ್ಕನೆ ಏಳನ್ನು ಅಳಿಸಿ ಹನ್ನೊಂದು ಬರೆದರೆ — ಕೈ ಆಗಲೇ ಬ್ಯಾಗಿನೊಳಗೆ ಹೋಗಿದೆ, ಹೋಗಿಯೇ ಬಿಟ್ಟಿದೆ, ಎಂಥಾ ಹೆಂಗಸು ನೀನು, ಮಗಳ ಲೆಕ್ಕವನ್ನು ಅಳಿಸಿದವಳೂ ನೀನೇ, ಈಗ ಮಗಳ ಹೆಸರಿನಲ್ಲಿ ಅದನ್ನು ಮತ್ತೆ ಬರೆಯುವವಳೂ ನೀನೇ, ಥರ್ಮಾಕೋಲಿಗೂ ಇದಕ್ಕೂ ಏನು ವ್ಯತ್ಯಾಸ, ಅವನ ಉಗುರಿಗಾದರೂ ಬಣ್ಣ ಮೆತ್ತಿದೆ. ಹಾಳೆಯನ್ನು ಬೆಳಕಿಗೆ ಓರೆ ಹಿಡಿದರೆ ಏಳರ ಹಿಂದೆ ಎರಡು ಕೋಲು ನಿಂತೇ ಇವೆ. ಪಕ್ಕದಲ್ಲೇ ನಿಂತಿರುವ ಪುಟ್ಟಿಗೆ ಹೇಳಿಬಿಡಬೇಕು, ಈಗಲೇ, ಕಿವಿಯಲ್ಲಿ, ನೀನು ಎಣಿಸಿದ್ದೇ ಸರಿ ಕಣೇ, ಅಮ್ಮಂದೇ ತಪ್ಪು, ಎಷ್ಟು ಪದ ಅದು, ಐದಾರು ಪದ, ಬಾಯಿ ತೆಗೆದಳು, ಬ್ಯಾಗಿನ ಜಿಪ್ಪು ಎಳೆದಳು, ಅಷ್ಟೇ. ಮುಂದಿನವರು ಬನ್ನಿ.

ಹಾಳೆ ನೋಡಿ ಟೀಚರಮ್ಮ ಬೆರಳಿನಿಂದ ಆ ಚೌಕವನ್ನು ಒಮ್ಮೆ ಸವರಿದಳು, ಉಜ್ಜಿ ಉಜ್ಜಿ ಅಲ್ಲಿ ಕಾಗದ ನವಿರೆದ್ದಿದೆ, ಕೆಂಪು ಪೆನ್ನಿಗೆ ಮುಚ್ಚಳ ಹಾಕಿಟ್ಟಳು. ಬಾ ಪುಟ್ಟಾ, ನನ್ನ ಮೇಜು ಅಳೆದು ತೋರಿಸ್ತೀಯಾ, ನಿನ್ನ ಗೇಣಲ್ಲಿ. ಇದು ಬೇರೆ ಮೇಜು, ಚಿಕ್ಕದು, ಮನೆಯದರ ಅರ್ಧ ಇದ್ದೀತು, ಮಗುವಿನ ಗೇಣು ಐದು ಇಂಚು, ಆರು ಬರಬಹುದು, ಹೆಚ್ಚೆಂದರೆ ಆರೂವರೆ, ಬೇಡ, ನೀನು ಅಳೆಯಬೇಡ, ಬಾಯಿ ಮುಚ್ಚು, ಅವಳು ಅಳೆಯಲಿ. ಪುಟ್ಟಿ ಬೆನ್ನ ಹಿಂದಿದ್ದ ಕೈಯನ್ನು ಮುಂದೆ ತಂದಳು, ಅಂಗೈಯನ್ನು ಲಂಗಕ್ಕೆ ಒರೆಸಿದಳು, ಹೆಬ್ಬೆರಳನ್ನು ಮೇಜಿನ ಅಂಚಿಗೆ ಒತ್ತಿದಳು, ಕಿರುಬೆರಳು ಚಾಚಿದಳು, ಚಾಚಿ ಹಾಗೇ ನಿಂತಳು. ಎಣಿಸು ಪುಟ್ಟಾ, ಒಂದು, ಆಮೇಲೆ? ಕೈ ಕದಲಲಿಲ್ಲ. ಮೇಜನ್ನು ನೋಡಲಿಲ್ಲ, ಟೀಚರಮ್ಮನನ್ನು ನೋಡಲಿಲ್ಲ, ಹಿಂದಕ್ಕೆ ತಿರುಗಿ ಅಮ್ಮನ ಮುಖ ನೋಡಿದಳು, ಗುರುವಾರ ನೋಡಿದ ಹಾಗೆಯೇ, ಪಿಸುದನಿಯಲ್ಲಿ, ಎಲ್ಲರಿಗೂ ಕೇಳುವಂಥ ಮಕ್ಕಳ ಪಿಸುದನಿಯಲ್ಲಿ, ಅಮ್ಮಾ, ಇದು ಎಷ್ಟು ಬರ್ಬೇಕು? ಎಷ್ಟು ಬರಬೇಕು, ಎಷ್ಟಾದರೂ ಬರಲಿ ಕಣೇ, ನೀನು ಎಣಿಸು, ಅನ್ನಬೇಕು, ಕಣ್ಣು ಮಾತ್ರ ಮೇಜಿನ ಉದ್ದವನ್ನೇ ಅಳೆಯುತ್ತಿದೆ, ಹಿಂದೆ ಯಾರೋ ಕಿಸಕ್ಕೆಂದರು, ಕಾರ್ಖಾನೆಯ ಗೋಡೆಯ ಮೇಲಿನ ಆ ಗಿಡ್ಡ ತೋಳು, ಕೈಯಿಲ್ಲದ್ದು, ಅಲ್ಲಾಡುತ್ತದೆ, ಏಳೆಂಟ್ಲ ಐವತ್ತಾರು, ಮಗುವಿನ ಹೆಬ್ಬೆರಳು ಮೆಲ್ಲನೆ ಎದ್ದಿತು, ಕಿರುಬೆರಳ ಹತ್ತಿರ ಬಂತು, ಮುಟ್ಟಲಿಲ್ಲ, ಅವಳ ಮುಖವನ್ನೇ ನೋಡುತ್ತ ಒಂದಿಷ್ಟು ದಾಟಿತು, ಇನ್ನೊಂದಿಷ್ಟು, ಎಲ್ಲಿ ಇಳಿಯಬೇಕೆಂದು ಗೊತ್ತಾಗದೆ ಗಾಳಿಯಲ್ಲಿ ನಿಂತಿತು, ಕೆಳಗೆ ಮೇಜಿನ ಮೇಲೆ ಯಾರ ಬೆರಳೂ ಮುಟ್ಟದ ಆ ಚೂರು ಜಾಗ, ಎರಡು ಬೆರಳಗಲ, ಖಾಲಿ