ಬೀಟ್ ಸಮಿತಿಯ ಸದಸ್ಯ

ಉಜಿರೆಯಲ್ಲಿ ಕಾಲೇಜು ಹುಡುಗಿಯರಿಗೆ ಕೋಣೆ ಬಾಡಿಗೆ ಕೊಡುವ ಕುಸುಮ, ಬೀಟ್ ಪೊಲೀಸ್ ತುಕ್ರಪ್ಪನವರಿಗೆ ಖಾಸಗಿಯಾಗಿ ಒಂದು ವಾಟ್ಸ್ಆ್ಯಪ್ ಸಂದೇಶ ಕಳಿಸಿದ್ದರು. ತಮ್ಮಲ್ಲಿರುವ ನಿಖಿತಾಳನ್ನು ಸ್ಕೂಟರಿನವನೊಬ್ಬ ಬಸ್ ಸ್ಟ್ಯಾಂಡಿನಿಂದ ಹಿಂಬಾಲಿಸುತ್ತಾನೆ, ನಿನ್ನೆ ಕೈ ಹಿಡಿದು ಎಳೆದ, ಹೆಸರು ಗೊತ್ತಿಲ್ಲ ಎಂದು ಬರೆದಿದ್ದರು. ತುಕ್ರಪ್ಪ ಅದನ್ನು ಹಾಗೆಯೇ ಬೀಟಿನ ಗ್ರೂಪಿಗೆ ಹಾಕಿದರು. ಹುಡುಗಿಯ ಹೆಸರು, ಕಾಲೇಜು, ಅವಳಿರುವ ಮನೆ ಎಲ್ಲವೂ ಇನ್ನೂರು ಮೊಬೈಲುಗಳಿಗೆ ಹೋಯಿತು.

"ಎಂತ ಮಾಡಿದ್ದು ನೀವು?" ಕುಸುಮ ಫೋನಿನಲ್ಲಿ ಕೇಳಿದರು.

"ಜನರಿಗೆ ಗೊತ್ತಾದರೆ ತಾನೇ ಅಕ್ಕ, ಜನ ಹುಡುಕಿ ಕೊಡುವುದು? ಜನಸ್ನೇಹಿ ಪೊಲೀಸ್ ಅಂದ್ರೆ ಅದೇ. ನಾಳೆ ಬೀಟ್ ಸಭೆ ಉಂಟು, ಹುಡುಗಿಯನ್ನು ಕರ್ಕೊಂಡು ಬನ್ನಿ."

ಸಂದೇಶ ನಿಖಿತಾಳ ಊರಾದ ಶಿರ್ತಾಡಿಗೂ ತಲುಪಿತು. ಮರುದಿನ ಮಧ್ಯಾಹ್ನವೇ ಅವಳ ತಂದೆ ಸುಧಾಕರ ಬಂದು ನಿಂತರು.

"ಓದಿದ್ದು ಸಾಕು. ಮನೆಗೆ ಹೋಗುವ."

"ಕೊನೆಯ ವರ್ಷ ಅಪ್ಪ."

"ಯಾವ ಹುಡುಗ, ಎಂತ ಕಥೆ ಅಂತ ಊರಲ್ಲಿ ನಿಲ್ಲಿಸಿ ಕೇಳ್ತಾರೆ. ನಾನು ಎಂತ ಹೇಳುವುದು ಮಗಾ?"

ಸಭೆಯೊಂದು ಮುಗಿಯಲಿ ಎಂದು ಕುಸುಮ ಒಪ್ಪಿಸಿದರು. ಯುವಕ ಮಂಡಲದ ಸಭಾಭವನದ ಬಾಗಿಲಲ್ಲಿ ಸಿಕ್ಕಿದ ತುಕ್ರಪ್ಪನವರಿಗೂ ಸುಧಾಕರ ಅದನ್ನೇ ಹೇಳಿದರು: ಇವತ್ತೇ ಕರೆದುಕೊಂಡು ಹೋಗ್ತೇನೆ.

"ಈ ವರ್ಷ ನಮ್ಮ ಬೀಟಿನಲ್ಲಿ ಒಂದೇ ಒಂದು ಕೇಸಿಲ್ಲ," ತುಕ್ರಪ್ಪ ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ವೇದಿಕೆಯಲ್ಲಿ ಕೊರಳಿಗೆ ಗುರುತಿನ ಕಾರ್ಡ್ ಹಾಕಿಕೊಂಡು, ಪೊಲೀಸರಿಗೆ ನೆರವಾಗುವ ಊರಿನವರ ಬೀಟ್ ಸಮಿತಿಯ ಸದಸ್ಯರು ಕೂತಿದ್ದರು. "ಆ ಹುಡುಗಿ ಬಂದಿದ್ದಾಳಾ? ಅವನ ಗುರುತು ಹೇಳು ನೋಡುವ."

ನಿಖಿತಾ ಎದ್ದು ನಿಂತಳು. "ನಿಮ್ಮ ಬಲಕ್ಕೆ ಕೂತವರು ಸರ್."

ಅಲ್ಲಿದ್ದವನು ಮೊಬೈಲ್ ಅಂಗಡಿಯ ಮನೀಷ್. ಅವನು ನಕ್ಕ. "ಹುಡುಗಿಯರ ಸುರಕ್ಷತೆಗೆ ಅಂತ ಹಿಂದೆ ಹೋಗುವುದು ಸರ್. ಸಮಿತಿಯ ಕೆಲಸವೇ ಅದಲ್ವಾ?"

ಕೆಲವರು ಹೌದೆಂದು ತಲೆಯಾಡಿಸಿದರು.

"ಸುರಕ್ಷತೆಗೆ ಕೈ ಹಿಡಿದು ಎಳೆಯಬೇಕಾ?" ಎಂದಳು ನಿಖಿತಾ.

ತುಕ್ರಪ್ಪ ಮೈಕ್ ಬಂದ್ ಮಾಡಿ ಕೆಳಗಿಳಿದು ಬಂದರು. "ಇದನ್ನು ನಾವು ನಾವೇ ಕೂತು ಮುಗಿಸುವ ಸುಧಾಕರಣ್ಣ. ಕೇಸಾದರೆ ಬೀಟಿನ ಹೆಸರು ಕೆಡ್ತದೆ. ಹೇಗೂ ಹುಡುಗಿಯನ್ನು ಇವತ್ತು ಊರಿಗೆ ಕರ್ಕೊಂಡು ಹೋಗ್ತೀರಲ್ಲ."

ಸುಧಾಕರ ವೇದಿಕೆಯತ್ತ ನೋಡಿದರು. ಮನೀಷ್ ಕುರ್ಚಿಯಿಂದ ಎದ್ದಿರಲಿಲ್ಲ.

"ಹಾಗೆ ಹೇಳಿದ್ದು ನನ್ನ ತಪ್ಪು. ಅವಳು ಇಲ್ಲೇ ಓದ್ತಾಳೆ. ನಾವೀಗ ಠಾಣೆಗೆ ಹೋಗ್ತೇವೆ."

"ಠಾಣೆಗೆ ಯಾಕೆ ಮಾರಾಯ್ರೆ, ನಾನು ಪೊಲೀಸ್ ಅಲ್ವಾ?"

"ಹೌದಾ? ನಾನು ನಿಮ್ಮನ್ನೂ ಸಮಿತಿಯವರು ಅಂದುಕೊಂಡೆ."

ಠಾಣೆಯಲ್ಲೂ ಮೊದಲು ಕೇಳಿದ್ದು, ಬೀಟ್ ಸಭೆಯಲ್ಲಿ ಹೇಳಿದ್ದೀರಾ ಎಂದು. ಸುಧಾಕರ ಬೆಂಚು ಬಿಟ್ಟು ಏಳಲಿಲ್ಲ. ಕೊನೆಗೆ ದೂರು ದಾಖಲಾಯಿತು, ಸೋಮವಾರ ನಿಖಿತಾ ಕಾಲೇಜಿಗೆ ಹೋದಳು.

ಮನೀಷ್ ಈಗಲೂ ಸಮಿತಿಯಲ್ಲಿದ್ದಾನೆ. ಬೀಟಿನ ಒಗ್ಗಟ್ಟು ಕೆಡಿಸಿದರೆಂದು ಗ್ರೂಪಿನಿಂದ ಹೊರಗೆ ಹಾಕಿದ್ದು ಕುಸುಮರನ್ನು.