ಖಾಕಿ ಅಂಗಿಯ ಎಡಜೇಬು

ಮೆಯಿನ್ ಬೋರ್ಡಿನ ಫ್ಯೂಸನ್ನು ಕಿತ್ತು ತನ್ನ ಅಂಗಿಯ ಎಡಜೇಬಿಗೆ ಹಾಕಿಕೊಳ್ಳದೆ ಅವನು ಯಾರ ಮನೆಯ ತಂತಿಯನ್ನೂ ಮುಟ್ಟಿದವನಲ್ಲ. ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೇಳಿಕೊಟ್ಟ ಕ್ರಮ ಅದು. ಫ್ಯೂಸು ನಿನ್ನ ಜೇಬಿನಲ್ಲಿರುವಷ್ಟು ಹೊತ್ತು ಮನೆಯ ಕರೆಂಟೆಲ್ಲ ಮಲಗಿರುತ್ತದೆ, ಯಾರೂ ಎಬ್ಬಿಸಲಾರರು ಎಂದಿದ್ದ. ಶಿಷ್ಯ ಅದನ್ನು ಮಂತ್ರದಂತೆ ನಡೆಸಿಕೊಂಡು ಬಂದ. ಎಷ್ಟೋ ಸಲ ಕೆಲಸ ಮುಗಿದ ಖುಷಿಯಲ್ಲಿ ಫ್ಯೂಸಿನ ಸಮೇತ ಮನೆಗೆ ಬಂದುಬಿಟ್ಟು, ಹಿಂದೆಯೇ ಯಾರಾದರೂ ಸೈಕಲ್ ತುಳಿದುಕೊಂಡು ಬಂದು, "ಅಣ್ಣಾ, ನಮ್ಮನೆ ಬೆಳಕು ನಿಮ್ಮ ಜೇಬಲ್ಲಿದೆ" ಎಂದು ಕೇಳಿದ್ದೂ ಉಂಟು.

ಒಂದೇ ಒಂದು ದಿನ ಕ್ರಮ ತಪ್ಪಿತು. ಕಿತ್ತ ಫ್ಯೂಸನ್ನು ಬೋರ್ಡಿನ ಮೇಲೆಯೇ ಇಟ್ಟಿದ್ದ. ಯಾರೋ ಪುಣ್ಯಾತ್ಮರು, ಪಾಪ ಕಳಚಿ ಬಿದ್ದಿದೆ ಎಂದುಕೊಂಡು ಎತ್ತಿ ಸಿಕ್ಕಿಸಿದರು. ಏಣಿಯ ಮೇಲಿದ್ದವನು ನೆಲಕ್ಕೆ ಬಂದ. ದೇವರು ದೊಡ್ಡವನು, ಕಾಲು ತೆಗೆದುಕೊಂಡು ಜೀವ ಉಳಿಸಿಕೊಟ್ಟ. ಮೂರು ತಿಂಗಳಿಗೆ ಕಾಲನ್ನೂ ವಾಪಸು ಕೊಟ್ಟ. ಎದ್ದು ಓಡಾಡುವಂತಾದ ದಿನ ಹೆಂಡತಿ ಅವನನ್ನು ದೇವರ ದೀಪದ ಮುಂದೆ ನಿಲ್ಲಿಸಿ, ಇನ್ನು ತಂತಿ ಮುಟ್ಟುವುದಿಲ್ಲವೆಂದು ಮಾತು ತೆಗೆದುಕೊಂಡಳು. ಹತಾರಿನ ಪೆಟ್ಟಿಗೆಗೆ ಬೀಗ ಬಿತ್ತು. ಅವನು ಪೆನ್ನು, ನೋಟ್‌ಬುಕ್ಕು, ಅಂಟು ಮಾರುವ ಸಣ್ಣ ಅಂಗಡಿ ಇಟ್ಟು ಹದಿನಾರು ವರ್ಷ ಕೂತ.

ಅರವತ್ತೊಂದು ತುಂಬಿದಾಗ ಅಂಗಡಿಯನ್ನು ಮಗಳಿಗೆ ಒಪ್ಪಿಸಿದ. ಅಲ್ಲಿಂದ ಶುರುವಾಯಿತು. ಮನೆಯಲ್ಲಿ ಎಲ್ಲಿ ಕೂತರೂ ಕಣ್ಣು ಗೋಡೆಯ ಮೇಲೆ.

"ಏನ್ ನೋಡ್ತಿದ್ದೀರಿ?"

"ಏನಿಲ್ಲ. ಆ ಪ್ಲಗ್ಗು ಒಂಚೂರು ವಾಲಿದೆ."

"ವಾಲಿರ್ಲಿ. ನೀವೂ ವಾಲಿದ್ದೀರಿ. ನಾನೇನಾದ್ರೂ ಅಂದ್ನಾ?"

ಹೀಗಿರುವಾಗ ಒಂದು ಬೆಳಗ್ಗೆ ಪಕ್ಕದ ಬೀದಿಯ ಟೈಲರಮ್ಮ ಬಂದಳು. ಕೆಲಸದ ಹೆಂಗಸರನ್ನು ಇಟ್ಟುಕೊಂಡು ಹನ್ನೆರಡು ಹೊಲಿಗೆ ಮಿಷನ್ನು ಓಡಿಸುವವಳು. ಕೊರಳಲ್ಲಿ ಸದಾ ಅಳತೆ ಟೇಪು. ಅವಳ ಹೊಲಿಗೆ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿದ ಕೂಡಲೇ ಒಂದು ಸಾಲಿನ ಬಲ್ಬುಗಳು ಮಂಕಾಗುತ್ತವಂತೆ, ಇನ್ನೊಂದು ಸಾಲಿನವು ಹುಚ್ಚು ಹಿಡಿದಂತೆ ಉರಿದು ಸತ್ತುಹೋಗುತ್ತವಂತೆ. ಇಬ್ಬರು ಬಂದು ಬಲ್ಬು ಬದಲಾಯಿಸಿ ಹೋಗಿದ್ದರು. ಸೋಮವಾರಕ್ಕೆ ಶಾಲೆಯ ಇನ್ನೂರು ಅಂಗಿ ಕೊಡಬೇಕು.

ಅವನು ಹೆಂಡತಿಯ ಕಡೆ ನೋಡಿದ, ಅಷ್ಟೇ. ಆ ನೋಟವನ್ನು ಅವಳಿಗೆ ಸಹಿಸಲಾಗಲಿಲ್ಲ.

"ಏನಾಗಿದೆ ಅಂತ ನಿಮಗೆ ಗೊತ್ತಾ?"

"ಗೊತ್ತು. ಹೋದ ಕರೆಂಟಿಗೆ ವಾಪಸ್ ಬರೋ ದಾರಿ ಕೆಟ್ಟಿದೆ. ನ್ಯೂಟ್ರಲ್ ತಂತಿ ಎಲ್ಲೋ ಸಡಿಲ ಆಗಿದೆ."

"ಮತ್ತೆ ಹೇಳಿ ಕಳಿಸಿ, ಬಿಗಿ ಮಾಡ್ಕೊಳ್ತಾರೆ."

"ಎಲ್ಲಿ ಅಂತ ಹುಡುಕ್ಬೇಕಲ್ಲ."

ಅವಳು ದೇವರ ಮುಂದೆ ಹೋಗಿ ಎರಡು ನಿಮಿಷ ನಿಂತು ಬಂದಳು. "ಒಂದ್ಸಲ ಹೋಗಿ. ನಾನೂ ಬರ್ತೀನಿ. ಕೆಲಸ ಮುಗಿಯೋ ಹೊತ್ತಿಗೆ ನನ್ನೆದೆ ನೆಟ್ಟಗಿದ್ರೆ ನಿಮ್ಮ ಮಾತು ನಿಮಗೆ ವಾಪಸ್. ಇಲ್ಲಾಂದ್ರೆ ಪೆಟ್ಟಿಗೆ ಗುಜರಿಗೆ. ಮತ್ತೆ ಗೋಡೆ ನೋಡ್ಕೂಡದು."

"ನೀನು ಹೇಳ್ದಂಗೆ."

ಪೆಟ್ಟಿಗೆಯ ಬೀಗ ತೆಗೆದು ಅವಳು ಅದನ್ನು ಕೀಲಿಯ ಸಮೇತ ಕೈಚೀಲಕ್ಕೆ ಹಾಕಿಕೊಂಡಳು. ಅವನು ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟಿದ್ದ ಖಾಕಿ ಅಂಗಿಯನ್ನು ಕೊಡವಿ ತೊಟ್ಟ. ಹೊಟ್ಟೆಯ ಹತ್ತಿರ ಗುಂಡಿ ಹಟ ಹಿಡಿಯಿತು.

"ಅಂಗಿ ಚಿಕ್ಕದಾಗಿದೆ ಕಣೇ."

"ಅಂಗಿ ಇದ್ದ ಹಾಗೇ ಇದೆ. ನಡೀರಿ."

ಟೈಲರಮ್ಮನ ಹೊಲಿಗೆ ಕೋಣೆ ನೆಲಮಹಡಿಯಲ್ಲಿತ್ತು. ಬೋರ್ಡು ಮಾತ್ರ ಹೊರಗೆ, ಮೆಟ್ಟಿಲ ಪಕ್ಕದ ಓಣಿಯಲ್ಲಿ, ಒಳಗಿನಿಂದ ಕಾಣುವುದಿಲ್ಲ. ಮಹಡಿಯ ಮೇಲಿನ ಕ್ಷೌರದಂಗಡಿಗೂ ಅಲ್ಲಿಂದಲೇ ಕರೆಂಟು. ಅವನು ಬೋರ್ಡಿನ ಬಾಗಿಲು ತೆರೆದ. ಎಡಗೈ ರೂಢಿಯಂತೆ ಮುಂದೆ ಹೋಯಿತು, ಹಾಗೆಯೇ ಗಾಳಿಯಲ್ಲಿ ನಿಂತಿತು. ಒಳಗೆ ಕೀಳುವುದಕ್ಕೆ ಏನೂ ಇರಲಿಲ್ಲ. ಹಲ್ಲು ಜೋಡಿಸಿದಂತೆ ಬಿಳಿ ಸ್ವಿಚ್ಚುಗಳ ಸಾಲು. ಇಂಥವು ಬಂದದ್ದನ್ನು ಅವನು ಕಂಡಿದ್ದ. ಕೆಲಸಕ್ಕೆಂದು ಅವುಗಳ ಮುಂದೆ ನಿಂತದ್ದು ಇದೇ ಮೊದಲು.

"ಈಗೆಲ್ಲ ಹೀಗೇ ಅಣ್ಣಾ," ಎಂದಳು ಟೈಲರಮ್ಮ. "ಕೆಳಗೆ ಒತ್ತಿದ್ರೆ ಆಫು, ಮೇಲೆ ಎತ್ತಿದ್ರೆ ಆನು."

"ಅದೇ. ದಾರೀಲಿ ಹೋಗೋರು ಯಾರ್ ಬೇಕಾದ್ರೂ ಎತ್ತಬೋದು." ಅವನು ಹೆಂಡತಿಯ ಕಡೆ ತಿರುಗಿದ. "ಬೇಡ ಬಿಡು. ಜೇಬಿಗೆ ಹಾಕ್ಕೊಳ್ಳೋಕೆ ಏನೂ ಇಲ್ಲ. ಮನೆಗೆ ಹೋಗೋಣ."

ಅವಳು ಅವನ ಮುಖ ನೋಡಿದಳು. ಆಮೇಲೆ ಕೈಚೀಲದಿಂದ ಹದಿನಾರು ವರ್ಷದ ಬೀಗ ತೆಗೆದಳು. ಅವನು ಮೆಯಿನ್ ಸ್ವಿಚ್ಚನ್ನು ಕೆಳಗೆ ಒತ್ತಿದ. ಅವಳು ಬೋರ್ಡಿನ ಬಾಗಿಲು ಮುಚ್ಚಿ, ಚಿಲಕಕ್ಕೆ ಬೀಗ ಜಡಿದು ಎಳೆದು ನೋಡಿ, ಕೀಲಿಯನ್ನು ಅವನ ಕೈಗಿಟ್ಟಳು. ಅವನು ಕಣ್ಣಿಗೊತ್ತಿಕೊಂಡು ಎಡಜೇಬಿಗೆ ಹಾಕಿದ.

ಕೀಲಿ ಜೇಬಿನೊಳಗೆ ಹೋಗಿ, ಅಂಗಿಯ ಅಂಚಿನಿಂದ ಜಾರಿ, ಠಣ್ಣೆಂದು ನೆಲಕ್ಕೆ ಬಿತ್ತು.

ಅವನು ಬಗ್ಗಲಿಲ್ಲ. ಅವಳು ಬಗ್ಗಿ ಎತ್ತಿಕೊಂಡಳು. ಎರಡು ಬೆರಳನ್ನು ಅವನ ಜೇಬಿಗೆ ಹಾಕಿದಳು. ಬೆರಳು ಕೆಳಗಿನಿಂದ ಹೊರಗೆ ಬಂದವು. ಏಣಿಯಿಂದ ಬೀಳುವ ಹಿಂದಿನ ವಾರ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನು ಎರಡು ಸಲ ಕೇಳಿದ್ದು ಅವಳಿಗೆ ನೆನಪಾಯಿತು: ಜೇಬು ಹರಿದಿದೆ, ಒಂದು ಹೊಲಿಗೆ ಹಾಕು. ನಾಳೆ, ನಾಳೆ ಎಂದಿದ್ದಳು.

"ಆವತ್ತೂ ಇದೇ ಅಂಗಿ," ಎಂದಳು. "ಅದಕ್ಕೇ ಬೋರ್ಡ್ ಮೇಲೆ ಇಟ್ರಿ."

"ಬಲಜೇಬಲ್ಲಿ ಇಡ್ಬೋದಿತ್ತು. ನನ್ನ ತಪ್ಪು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸೂಜಿ ಹಿಡಿದಾಗೆಲ್ಲ ಅಳ್ತಿದ್ದೆ."

ಅವಳು ಅಳಲಿಲ್ಲ. ಓಣಿಯಲ್ಲಿದ್ದ ಸ್ಟೂಲನ್ನು ದರದರ ಎಳೆದು ಬೋರ್ಡಿಗೆ ಬೆನ್ನು ಕೊಟ್ಟು ಕೂತಳು, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು. "ಹೋಗಿ, ಹತ್ತಿ. ನಾನಿಲ್ಲಿದ್ದೀನಿ."

ಅವನು ಏಣಿ ಹತ್ತಿದ. ಕಿಟಕಿಯ ಬೆಳಕಿನಲ್ಲಿ ಒಂದೊಂದೇ ಗೋಡೆಪೆಟ್ಟಿಗೆ ತೆರೆದು, ಟೆಸ್ಟರ್ ಇಟ್ಟು, ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡು, ತಂತಿಗಳನ್ನು ಮೆಲ್ಲಗೆ ಎಳೆದು ನೋಡಿದ. ಎರಡು ಪೆಟ್ಟಿಗೆ ಚೆನ್ನಾಗಿದ್ದವು. ಇಸ್ತ್ರಿ ಮೇಜಿನ ಮೇಲಿನ ಮೂರನೆಯದರ ಮುಚ್ಚಳ ತೆಗೆದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು, ಅವನ ಮುಖ ಅರಳಿತು. "ಇಲ್ಲಿದ್ದೀಯಾ ತಾಯಿ," ಎಂದ, ಕಳೆದುಹೋದ ಹಸು ಸಿಕ್ಕವನಂತೆ.

ಅತ್ತ ಓಣಿಯಲ್ಲಿ ಮೆಟ್ಟಿಲು ದಡದಡ ಎಂದಿತು. ಕ್ಷೌರಿಕ ಇಳಿದು ಬಂದ, ಕೈಯಲ್ಲಿ ಗಡ್ಡ ತೆಗೆಯುವ ಸತ್ತ ಮಿಷನ್ನು.

"ಯಾರ್ರೀ ಇದಕ್ಕೆ ಬೀಗ ಹಾಕಿದ್ದು?"

"ನಾನೇ."

"ತೆಗೀರಿ ಮತ್ತೆ. ಮೇಲೆ ಗಿರಾಕಿಗೆ ಅರ್ಧ ಗಡ್ಡ ಆಗಿದೆ."

"ಉಳಿದರ್ಧ ಎಲ್ಲೂ ಓಡಿಹೋಗಲ್ಲ. ಕೂರೋಕೆ ಹೇಳಿ."

"ಅವ್ರಿಗೆ ಹೆಣ್ಣು ನೋಡೋಕೆ ಹೋಗೋದಿದೆಯಮ್ಮಾ."

"ಅರ್ಧ ಗಡ್ಡ ಒಪ್ಪೋಳಾದ್ರೆ ಪೂರ್ತಿ ಮನುಷ್ಯನ್ನೂ ಒಪ್ತಾಳೆ. ಒಳಗೆ ನನ್ನ ಯಜಮಾನರು ಏಣಿ ಮೇಲಿದ್ದಾರೆ. ಅವರು ಇಳಿಯೋ ತನಕ ಈ ಬೀಗ ಬ್ರಹ್ಮ ಬಂದ್ರೂ ತೆಗೆಯಲ್ಲ."

ಕ್ಷೌರಿಕ ಅವಳನ್ನು ನೋಡಿದ, ಬೀಗ ನೋಡಿದ, ಮೆಟ್ಟಿಲ ಮೇಲೆ ಕೂತುಬಿಟ್ಟ. ಸ್ವಲ್ಪ ಹೊತ್ತಿಗೆ ಅರ್ಧ ಗಡ್ಡದ ಗಿರಾಕಿಯೂ ಬಂದು ಅವನ ಪಕ್ಕ ಕೂತ.

ಒಳಗೆ ಅವನು ಸುಟ್ಟ ತುದಿಯನ್ನು ಕತ್ತರಿಸಿ, ತಾಮ್ರ ಹೊಳೆಯುವ ತನಕ ಕೆರೆದು, ಹೊಸ ಜೋಡಣೆ ಹಾಕಿ ಬಿಗಿಮಾಡಿ, ಮೂರು ಸಲ ಎಳೆದು ನೋಡಿದ. ಬೆರಳುಗಳಿಗೆ ಎಲ್ಲ ನೆನಪಿತ್ತು. ಬೆಳಕು ಮಾಡಿದವನು ದೇವರು. ಅದನ್ನು ಇಸ್ತ್ರಿ ಮೇಜಿನವರೆಗೆ ತಲುಪಿಸುವ ಕೆಲಸವನ್ನು ಮನುಷ್ಯನಿಗೆ ಬಿಟ್ಟಿದ್ದಾನೆ. ಆ ಪಾಲು ಮತ್ತೆ ಕೈಗೆ ಬಂದದ್ದಕ್ಕೆ ಅವನು ಏಣಿಯ ಮೇಲಿಂದಲೇ ಕೈಮುಗಿದ.

ಅವನು ಇಳಿದು ಓಣಿಗೆ ಬಂದು ಎದುರು ನಿಂತ ಮೇಲೆಯೇ ಅವಳು ಬೀಗ ತೆಗೆದಳು. ಸ್ವಿಚ್ಚು ಮೇಲಕ್ಕೆ ಹೋಯಿತು. ಕೋಣೆಯ ಎರಡೂ ಸಾಲು ಒಂದೇ ಸಮ ಹೊತ್ತಿಕೊಂಡವು. ಟೈಲರಮ್ಮ ಇಸ್ತ್ರಿ ಹಾಕಿ ತಲೆಯೆತ್ತಿ ಕಾದಳು. ಯಾವ ಬಲ್ಬೂ ಕಣ್ಣು ಮಿಟುಕಿಸಲಿಲ್ಲ. ಹನ್ನೆರಡು ಮಿಷನ್ನುಗಳು ಒಟ್ಟಿಗೆ ಮಾತಿಗೆ ಶುರುವಿಟ್ಟವು. ಮೇಲಕ್ಕೆ ಓಡಿಹೋದ ಕ್ಷೌರಿಕನ ಮಿಷನ್ನೂ ಗುಂಯ್ ಎಂದಿತು.

"ಎದೆ ಹೇಗಿದೆ?" ಎಂದು ಅವನು ಮೆಲ್ಲಗೆ ಕೇಳಿದ.

ಅವಳು "ಅಂಗಿ ಬಿಚ್ಚಿ," ಎಂದಳು. ಟೈಲರಮ್ಮನ ಹತ್ತಿರ ಸೂಜಿ ದಾರ ಕೇಳಿದಳು.

"ಇಲ್ಲಿ ಕೊಡಮ್ಮಾ, ಮಿಷನ್ನಲ್ಲಿ ಒಂದು ಕ್ಷಣದ ಕೆಲಸ."

"ಬೇಡ. ಇದು ನನ್ನ ಕೈಯಿಂದಾನೇ ಆಗ್ಬೇಕು. ಮೊದ್ಲೇ ತಡ ಆಗಿದೆ."

ಅವನು ಬನಿಯನ್ನಿನಲ್ಲಿ, ಅಷ್ಟೂ ಹೆಂಗಸರ ನಡುವೆ, ಹತಾರಿನ ಪೆಟ್ಟಿಗೆಯನ್ನು ಹೊಟ್ಟೆಗೆ ಅಡ್ಡ ಹಿಡಿದು ಕೂತ. ಅವಳು ಅವನೇ ಹೊತ್ತಿಸಿದ ಬಲ್ಬಿನ ಕೆಳಗೆ ಜೇಬಿನ ತಳಕ್ಕೆ ಒಂದಲ್ಲ, ಎರಡಲ್ಲ, ಮೂರು ಸಾಲು ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದಳು.

"ಬಡ್ಕೊಳ್ತಾ ಇತ್ತು ಎದೆ," ಎಂದಳು. "ಆ ಕ್ಷೌರಿಕನ ಜೊತೆ ಜಗಳ ಆಡಿದ್ಮೇಲೆ ನೆಟ್ಟಗಾಯ್ತು. ನಿಮ್ಮ ಮಾತು ನಿಮಗೆ ವಾಪಸ್. ದೇವರಿಗೆ ನಾನು ಹೇಳ್ಕೊಳ್ತೀನಿ."

ಅವನು ಅಂಗಿ ತೊಟ್ಟು, ಹೊಸ ಜೇಬನ್ನು ತಟ್ಟಿ ನೋಡಿ ಕೈ ಚಾಚಿದ. "ಕೀಲಿ ಕೊಡು."

"ಕೀಲಿ ನನ್ನ ಹತ್ರಾನೇ ಇರ್ಲಿ. ಜೇಬಲ್ಲಿ ಕನ್ನಡಕ ಇಟ್ಕೊಳ್ಳಿ."

ಮರುದಿನ ಬೆಳಗ್ಗೆ ಕ್ಷೌರಿಕನೇ ಬಾಗಿಲಿಗೆ ಬಂದ. ಹೆಣ್ಣಿನ ಕಡೆಯವರು ಒಪ್ಪಿದರಂತೆ. ಅದಕ್ಕಿಂತ ಮುಖ್ಯವಾಗಿ, ಅವನ ಅಂಗಡಿಯ ಫ್ಯಾನು ತಿರುಗದೆ ಬರೀ ಗೊಣಗುತ್ತಿದೆಯಂತೆ.

"ಇಬ್ರೂ ಬರ್ತೀರಾ?"

ಅವನು ಹೆಂಡತಿಯ ಕಡೆ ತಿರುಗಿ ನೋಡುವುದರೊಳಗೆ ಅವಳು ಬೀಗ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು.

"ಬೇಗ ಗುಂಡಿ ಹಾಕ್ಕೊಳ್ರೀ. ಕೆಲಸಕ್ಕೆ ಹೊತ್ತಾಯ್ತು."